ಹಿನ್ನೀರ ದಂಡೆಯ ಹಳೇ ಮನೆ: ನಳ, ಗಟಾರ, ನೆಲದ ದುರಸ್ತಿಗೆ ಸಮಗ್ರ ಮಾರ್ಗದರ್ಶಿ

ಹೊಸ ಫರ್ಸಿ ಹಾಕಿಸಿ ಒಂದು ಮಳೆಗಾಲ ಕಳೆದಿರುವುದಿಲ್ಲ, ಅಷ್ಟರಲ್ಲೇ ನೆಲ ಒಡೆಸುವ ಮಾತು ಬರುತ್ತದೆ. ಬಚ್ಚಲ ನೀರು ಹೋಗುತ್ತಿಲ್ಲ. ಅಡುಗೆಮನೆಯ ಮೂಲೆ ಕುಸಿದಿದೆ. ಗೋಡೆ ಬುಡದಲ್ಲಿ ಬಿಳಿ ಉಪ್ಪು ಎದ್ದಿದೆ. ಪಡಸಾಲೆಯ ಕಲ್ಲಿನ ಮೇಲೆ ಕಾಲಿಟ್ಟರೆ ಟೊಳ್ಳು ಸದ್ದು. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ, ಹಿಡಕಲ್ ಜಲಾಶಯದ ಸುತ್ತ, ಊರ ಕೆರೆಯ ಪಕ್ಕ ಹಳೇ ಮನೆ ಸರಿಮಾಡಿಸಿದವರ ದೂರುಗಳೆಲ್ಲ ಹೆಚ್ಚುಕಡಿಮೆ ಇವೇ.

ಬಹಳ ಕಡೆ ಸಾಮಾನು ಚೆನ್ನಾಗಿಯೇ ಇರುತ್ತದೆ, ಗೌಂಡಿಯ ಕೈಯೂ ಪಳಗಿರುತ್ತದೆ. ತಪ್ಪಿರುವುದು ಕೆಲಸದ ಕ್ರಮ. ಕಣ್ಣಿಗೆ ಕಾಣುವ ನೆಲವನ್ನು ಮೊದಲು ಮುಗಿಸಿ, ಮಣ್ಣಿನೊಳಗಿನ ಪೈಪನ್ನು ಆಮೇಲೆ ನೋಡೋಣ ಎಂದು ಬಿಟ್ಟಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಮನೆಯ ಹೊರಗಿನ ನೀರು, ಆಮೇಲೆ ಗಟಾರ, ಆಮೇಲೆ ನಳ. ಈ ಮೂರೂ ಪರೀಕ್ಷೆಯಲ್ಲಿ ಪಾಸಾದ ಮೇಲಷ್ಟೇ ನೆಲ.

## ಗುದ್ದಲಿ ಎತ್ತುವ ಮೊದಲು

ಮೊದಲು ಕಾಗದ ನೋಡಿ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಪೂರ್ಣ ಮಟ್ಟ 519.6 ಮೀಟರ್. ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅದನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಭೂಸ್ವಾಧೀನ ನಡೆಯುವುದು ಇದೇ ಲೆಕ್ಕದ ಮೇಲೆ. ನಿಮ್ಮ ಮನೆಯ ಸರ್ವೆ ನಂಬರ್ ಆ ಮಟ್ಟದ ಕೆಳಗೆ ಬರುತ್ತದೆಯೇ ಎಂದು ಭೂಸ್ವಾಧೀನ ಕಚೇರಿಯಲ್ಲಿ ವಿಚಾರಿಸಿ. ಬರುವುದಾದರೆ ನೆಲಕ್ಕೆ ಲಕ್ಷಗಟ್ಟಲೆ ಸುರಿಯಬೇಡಿ, ಸೋರುವ ಪೈಪಷ್ಟೇ ಬದಲಿಸಿ ಸಾಕು.

ಎರಡನೆಯದು ಕಾಲ. ಹಿನ್ನೀರು ಮಳೆಗಾಲದಲ್ಲಿ ತುಂಬಿ, ಬೇಸಿಗೆಯ ಕೊನೆಯ ಹೊತ್ತಿಗೆ ಇಳಿಯುತ್ತದೆ. ದಂಡೆಯ ಮನೆಗಳ ಕೆಳಗಿನ ನೀರೂ ಅದರ ಜೊತೆಗೇ ಏರಿಳಿಯುತ್ತದೆ. ಏಪ್ರಿಲ್‌ನಲ್ಲಿ ಮನೆ ನೋಡಿದರೆ ಎಲ್ಲ ಒಣಗಿ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಒಮ್ಮೆ ಹೋಗಿ, ಗೋಡೆಯಲ್ಲಿ ತೇವ ಎಲ್ಲಿಯವರೆಗೆ ಏರಿದೆ ಎಂದು ಪೆನ್ಸಿಲಿನಿಂದ ಗೆರೆ ಎಳೆದು ಬನ್ನಿ. ಅಗೆತ ಫೆಬ್ರವರಿಯಲ್ಲಿ ಶುರುವಾಗಲಿ. ಮಣ್ಣಿನ ಕೆಲಸವೆಲ್ಲ ಜೂನ್ ಒಳಗೆ ಮುಗಿಯಲೇಬೇಕು.

## ಬೇಕಾಗುವ ಸಾಮಾನು

ಹಾರೆ, ಗುದ್ದಲಿ, ಸಲಿಕೆ, ಬುಟ್ಟಿ, ದಮ್ಮಸು ಮಾಡುವ ಕಬ್ಬಿಣ ಗೌಂಡಿಯ ಹತ್ತಿರವೇ ಇರುತ್ತವೆ. ರಸಮಟ್ಟ, ತೂಕುಗುಂಡು, ರಬ್ಬರ್ ಸುತ್ತಿಗೆಯೂ ಇರುತ್ತವೆ. ನೀವು ಹಟ ಹಿಡಿದು ತರಿಸಬೇಕಾದದ್ದು ಎರಡು ಮಾತ್ರ.

ಒಂದು, ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪು, 50 ಅಡಿಯದ್ದು. ಮನೆಯ ಈ ತುದಿಯಿಂದ ಆ ತುದಿಗೆ ಮಟ್ಟ ಒಯ್ಯಲು ಎರಡು ಅಡಿಯ ರಸಮಟ್ಟ ಸಾಲದು. ಇನ್ನೊಂದು, ಗೇಜ್ ಇರುವ ಕೈಪಂಪು. ಹೊಸ ನಳದ ಲೈನಿಗೆ ಒತ್ತಡ ಕೊಟ್ಟು ನೋಡಲು ಇದು ಬೇಕೇ ಬೇಕು. ಹೊಸದು ಕೊಳ್ಳಬೇಕಾಗಿಲ್ಲ, ಪ್ಲಂಬರ್‌ಗಳ ಹತ್ತಿರ ಬಾಡಿಗೆಗೆ ಸಿಗುತ್ತದೆ. ಕೆಲಸ ಒಪ್ಪಿಸುವ ದಿನವೇ "ಪಂಪು ತಂದು ಟೆಸ್ಟ್ ಮಾಡಿ ತೋರಿಸಬೇಕು" ಎಂದು ಮಾತಾಡಿಕೊಳ್ಳಿ. ಆಮೇಲೆ ಕೇಳಿದರೆ "ಏನ್ ಆಗಂಗಿಲ್ಲ ಬಿಡ್ರಿ" ಎನ್ನುವ ಉತ್ತರ ಬರುತ್ತದೆ.

## ಹಂತ 1: ತೇವ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಿ

ನೆಲ ಒದ್ದೆಯಾಗಲು ಮೂರು ದಾರಿ ಇವೆ: ಪೈಪು ಸೋರುವುದು, ಹೊರಗಿನ ನೀರು ಗೋಡೆ ಬುಡಕ್ಕೆ ಇಂಗುವುದು, ಕೆಳಗಿನಿಂದಲೇ ತೇವ ಏರುವುದು. ಮೂರಕ್ಕೂ ಮದ್ದು ಬೇರೆ ಬೇರೆ.

ಪೈಪಿನದ್ದು ಸುಲಭ. ರಾತ್ರಿ ಎಲ್ಲ ನಳ ಬಂದ್ ಮಾಡಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಟ್ಯಾಂಕಿನ ಬುಡದ ವಾಲ್ವ್ ಬಂದ್ ಮಾಡಿ ಇನ್ನೊಂದು ರಾತ್ರಿ ನೋಡಿ. ಆಗಲೂ ಇಳಿದರೆ ಟ್ಯಾಂಕಿನದ್ದೇ ದೋಷ.

ಕೆಳಗಿನ ತೇವಕ್ಕೆ ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ಸಾಕು. ಅದನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಕೆಳಮೈಗೆ ಹನಿ ಕಟ್ಟಿದ್ದರೆ ತೇವ ನೆಲದೊಳಗಿನಿಂದ ಬರುತ್ತಿದೆ. ಮೇಲ್ಮೈಗೆ ಮಾತ್ರ ಕಟ್ಟಿದ್ದರೆ ಅದು ಗಾಳಿಯ ತೇವ, ಕಿಟಕಿ ತೆಗೆದಿಟ್ಟರೆ ಹೋಗುತ್ತದೆ. ಪಡಸಾಲೆ, ಅಡುಗೆಮನೆ, ದಂಡೆಯ ಕಡೆಯ ಕೋಣೆ, ಈ ಮೂರೂ ಕಡೆ ಮಾಡಿ ನೋಡಿ.

ಎಚ್ಚರಿಕೆ: ಗೋಡೆ ಬುಡದಲ್ಲಿ ಬಿಳಿ ಉಪ್ಪು ಕಂಡ ತಕ್ಷಣ ಕೆರೆದು ಸಿಮೆಂಟ್ ಗಿಲಾವ್ ಮಾಡಿಸಬೇಡಿ. ಕಲ್ಲು-ಮಣ್ಣಿನ ಗೋಡೆಯೊಳಗಿನ ತೇವ ಸಿಮೆಂಟಿನಿಂದ ಹೊರಗೆ ಬರಲಾಗದೆ ಇನ್ನೂ ಮೇಲಕ್ಕೆ ಏರುತ್ತದೆ. ಎರಡಡಿ ಎತ್ತರದಲ್ಲಿದ್ದ ಉಪ್ಪು ಮುಂದಿನ ವರ್ಷ ನಾಲ್ಕಡಿಗೆ ಬರುತ್ತದೆ.

## ಹಂತ 2: ಹೊರಗಿನ ನೀರನ್ನು ಮನೆಯಿಂದ ದೂರ ಮಾಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಖರ್ಚು ಕಡಿಮೆ, ಲಾಭ ಜಾಸ್ತಿ.

ಹಳೇ ಮನೆಗಳ ಸುತ್ತ ವರ್ಷಗಟ್ಟಲೆ ಮಣ್ಣು ಬಿದ್ದೂ ಬಿದ್ದೂ ಅಂಗಳವೇ ಒಳಗಿನ ನೆಲಕ್ಕಿಂತ ಎತ್ತರವಾಗಿರುತ್ತದೆ. ಮಟ್ಟದ ಪೈಪು ಹಿಡಿದು ನೋಡಿ. ಹಾಗಿದ್ದರೆ ಮೊದಲು ಆ ಮಣ್ಣು ತೆಗೆಸಿ. ಹೊರಗಿನ ನೆಲ ಒಳಗಿನದ್ದಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಲಿ. ಗೋಡೆಯಿಂದ ಹೊರಕ್ಕೆ ಮೂರಡಿ ಅಗಲ, ಎರಡು ಇಂಚು ಇಳಿಜಾರಿನ ಕಲ್ಲುಹಾಸು ಹಾಕಿಸಿ.

ಕೆಳಗಿನಿಂದ ತೇವ ಏರುವ ಮನೆಗೆ ಇನ್ನೊಂದು ಕೆಲಸವಿದೆ. ಗೋಡೆಯಿಂದ ಮೂರ್ನಾಲ್ಕು ಅಡಿ ದೂರದಲ್ಲಿ, ನೀರು ಬರುವ ದಿಕ್ಕಿಗೆ, ಒಂದೂವರೆ ಅಡಿ ಅಗಲದ ಕಾಲುವೆ ತೋಡಿ ಖಡಿ ತುಂಬಿ. ತಳದಲ್ಲಿ ತೂತಿನ ಪೈಪು ಇಟ್ಟು, ಅದರ ಬಾಯಿಯನ್ನು ತಗ್ಗಿನ ಕಡೆ ಬಿಡಿ. ಮಳೆ ನೀರು ಬುನಾದಿಗೆ ಮುಟ್ಟುವ ಮೊದಲೇ ಇದರಲ್ಲಿ ಇಳಿದು ಹೋಗುತ್ತದೆ. ಬುನಾದಿಯ ತಳಕ್ಕಿಂತ ಆಳ ಮಾತ್ರ ತೋಡಬೇಡಿ.

ಇದನ್ನು ಮೊದಲೇ ಮಾಡಲು ಕಾರಣವಿದೆ. ಮುಂದೆ ನೆಲದಡಿ ಪ್ಲಾಸ್ಟಿಕ್ ಹಾಳೆ ಹಾಕುತ್ತೀರಿ. ಆಗ ನೆಲದ ಮೂಲಕ ಹೊರಗೆ ಹೋಗುತ್ತಿದ್ದ ತೇವಕ್ಕೆ ಉಳಿಯುವ ದಾರಿ ಗೋಡೆ ಒಂದೇ. ಹೊರಗಿನ ನೀರನ್ನು ತಡೆಯದೆ ನೆಲವನ್ನಷ್ಟೇ ಮುಚ್ಚಿದರೆ ಗೋಡೆ ಹಾಳಾಗುತ್ತದೆ.

## ಹಂತ 3: ಹಳೇ ಫರ್ಸಿ ಎಬ್ಬಿಸಿ, ಕೆಳಗೇನಿದೆ ನೋಡಿ

ಹಳೇ ಶಹಾಬಾದಿ ಅಥವಾ ತಾಳಿಕೋಟಿ ಫರ್ಸಿಯನ್ನು ಬ್ರೇಕರ್ ಹಚ್ಚಿ ಪುಡಿ ಮಾಡಿಸಬೇಡಿ. ಮಣ್ಣಿನ ಗೋಡೆ ಆ ಅದುರು ತಡೆಯುವುದಿಲ್ಲ. ಕಲ್ಲೂ ದಂಡ. ಬಾಗಿಲ ಕಡೆಯಿಂದ ಶುರು ಮಾಡಿ, ಸಂದಿಯ ಮಾಲು ಕೆತ್ತಿ, ಹಾರೆ ತೂರಿಸಿ ಮೆಲ್ಲಗೆ ಮೀಟಿ. ಪ್ರತಿ ಕಲ್ಲಿಗೂ ಬಣ್ಣದಲ್ಲಿ ನಂಬರ್ ಬರೆದು, ಕಾಗದದ ಮೇಲೆ ನಕ್ಷೆ ಮಾಡಿಕೊಳ್ಳಿ. ಮೀಟಿದ ಕಲ್ಲಿನ ಕೆಳಗೆ ಕೈ ಹಾಕಬೇಡಿ. ಬಹಳ ದಿನ ಮುಚ್ಚಿದ್ದ ಮನೆಯಲ್ಲಿ ಕಲ್ಲಿನಡಿ ಚೇಳು ಇರುವುದು ಮಾಮೂಲಿ. ನಿಮ್ಮ ಕಡೆಯ ಅಂಚನ್ನು ನೆಲಕ್ಕೆ ಊರಿ ಎದುರಿನ ಅಂಚನ್ನು ಹಾರೆಯಿಂದ ಎತ್ತಿದರೆ, ಕೆಳಗಿದ್ದದ್ದು ಆ ಕಡೆಗೆ ಹೊರಡುತ್ತದೆ.

ಈಗ ಮುಖ್ಯವಾದದ್ದು: ಹಗೇವು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಪಡಸಾಲೆಯಲ್ಲೋ ಅಂಗಳದಲ್ಲೋ ಜೋಳ ಇಡುತ್ತಿದ್ದ ಹಗೇವು ಇರುತ್ತಿತ್ತು. ಎಷ್ಟೋ ಮನೆಗಳಲ್ಲಿ ಅದರ ಬಾಯಿಗೆ ಬರೀ ಕಲ್ಲು ಮುಚ್ಚಿ ಮೇಲೆ ಫರ್ಸಿ ಎಳೆದಿರುತ್ತಾರೆ. ಬಾಯಿ ಎರಡು-ಮೂರಡಿ ಇದ್ದರೂ ಒಳಗೆ ಹೊಟ್ಟೆ ಅಗಲ. ನೆಲ ತಟ್ಟೆಯ ಹಾಗೆ ನಡುವೆ ತಗ್ಗಿದ್ದರೆ ಇದೇ ಕಾರಣ ಇರಬಹುದು. ಮನೆಯ ಹಿರಿಯರನ್ನು ಕೇಳಿ. ಹಾರೆಯಿಂದ ಅಲ್ಲಲ್ಲಿ ಕುಟ್ಟಿ ಸದ್ದು ಕೇಳಿ.

ಹಗೇವು ಸಿಕ್ಕರೆ ಯಾರೂ ಒಳಗೆ ಇಳಿಯಬಾರದು. ಮುಚ್ಚಿದ್ದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವರು, ಅವರನ್ನು ಎತ್ತಲು ಹೋದವರು ಇಬ್ಬರೂ ಸತ್ತ ಉದಾಹರಣೆಗಳಿವೆ. ದೀಪ ಇಳಿಸಿ ನೋಡಿ ಇಳಿಯುತ್ತೇವೆ ಎನ್ನುವ ಧೈರ್ಯವೂ ಬೇಡ. ಮೇಲಿನಿಂದಲೇ ಖಡಿ ಸುರಿದು ತುಂಬಿಸಿ. ಮಣ್ಣು ಹಾಕಿದರೆ ದಮ್ಮಸು ಮಾಡಬೇಕು, ಖಡಿ ಬಹುಪಾಲು ತಾನೇ ಕೂರುತ್ತದೆ. ತುಂಬಿದ ಮೇಲೆ ಬಾಯಿಗಿಂತ ಸುತ್ತಲೂ ಒಂದೂವರೆ ಅಡಿ ಅಗಲವಾಗಿ ಸರಳು ಕಟ್ಟಿದ ಐದು ಇಂಚಿನ ಕಾಂಕ್ರೀಟ್ ಮುಚ್ಚಳ ಹಾಕಿಸಿ.

ಇನ್ನು ಮಣ್ಣು. ವಿಜಯಪುರ, ಬಾಗಲಕೋಟೆ ಕಡೆ ಎರೆಮಣ್ಣು ಜಾಸ್ತಿ. ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಕಿದ ಯಾವ ನೆಲವೂ ನಿಲ್ಲುವುದಿಲ್ಲ. ಎರಡಡಿ ತೆಗೆದು, ಗರಸು (ಜಲ್ಲಿ ಬೆರೆತ ಗಟ್ಟಿ ಮಣ್ಣು) ಮತ್ತು ಹಂತ 8ರಲ್ಲಿ ಹೇಳಿದ ಉಳಿದ ಪದರಗಳನ್ನು ತುಂಬಬೇಕು. ಆದರೆ ಅಗೆಯುವ ಮೊದಲು ಗೋಡೆ ಪಕ್ಕ ಒಂದಡಿ ಚೌಕದ ಗುಂಡಿ ತೋಡಿ, ಬುನಾದಿ ಎಷ್ಟು ಆಳ ಇದೆ ಎಂದು ನೋಡಿ. ಬುನಾದಿಯ ತಳಕ್ಕೆ ಒಂದಡಿ ಇರುವಾಗಲೇ ಅಗೆತ ನಿಲ್ಲಿಸಿ. ಗೋಡೆಗುಂಟ ಒಂದೂವರೆ ಅಡಿ ಮಣ್ಣನ್ನು ಮುಟ್ಟಬೇಡಿ. ಇಡೀ ಕೋಣೆಯನ್ನು ಒಮ್ಮೆಗೇ ತೋಡಿಸದೆ, ಅರ್ಧ ತೋಡಿ ತುಂಬಿಸಿ ಆಮೇಲೆ ಇನ್ನರ್ಧ. ಬುನಾದಿ ಆಳವಿಲ್ಲದಿದ್ದರೆ ಅಗೆಯುವ ಬದಲು ನೆಲವನ್ನೇ ಎತ್ತರಿಸುವ ಲೆಕ್ಕ ಹಾಕಿ. ಬಾಗಿಲ ಎತ್ತರ ಸಾಲುತ್ತದೆಯೇ ಎಂದು ಮೊದಲು ಅಳೆಯಿರಿ. ಹಳೇ ಬಾಗಿಲುಗಳು ಮೊದಲೇ ಗಿಡ್ಡ, ಅಲ್ವಾ?

ನಿಲ್ಲಿಸಬೇಕಾದ ಸೂಚನೆ: ಅಗೆಯುವಾಗ ಗೋಡೆಯಿಂದ ಮಣ್ಣು ಉದುರಿದರೆ, ಚೌಕಟ್ಟಿನ ಮೂಲೆಯಲ್ಲಿ ಹೊಸ ಬಿರುಕು ಕಂಡರೆ, ಸಲೀಸಾಗಿ ಆಡುತ್ತಿದ್ದ ಬಾಗಿಲು ಬಿಗಿಯಾದರೆ, ಎಲ್ಲರೂ ಹೊರಗೆ ಬನ್ನಿ. ಗೋಡೆಗೆ ಊರುಗೋಲು ಕೊಟ್ಟು, ಇಂಜಿನಿಯರ್ ಬಂದು ನೋಡುವವರೆಗೆ ಗುದ್ದಲಿ ಹಾಕಬಾರದು.

## ಹಂತ 4: ಮಟ್ಟದ ಗೆರೆ, ಆಮೇಲೆ ಗಟಾರದ ಪೈಪು

ಮುಗಿದ ನೆಲ ಎಲ್ಲಿಗೆ ಬರಬೇಕು ಎಂದು ಮುಖ್ಯ ಬಾಗಿಲಿನ ಹೊಸ್ತಿಲಿನಿಂದ ತೀರ್ಮಾನಿಸಿ. ಅದಕ್ಕಿಂತ ಸರಿಯಾಗಿ ಮೂರಡಿ ಮೇಲೆ, ನೀರಿನ ಪೈಪಿನಿಂದ ಮಟ್ಟ ಹಿಡಿದು, ಎಲ್ಲ ಕೋಣೆಗಳ ಗೋಡೆಗೂ ಬಣ್ಣದ ಗೆರೆ ಎಳೆಯಿರಿ. ಇನ್ನು ಮುಂದೆ ಎಲ್ಲ ಅಳತೆಯೂ ಆ ಗೆರೆಯಿಂದ ಕೆಳಕ್ಕೆ.

ಗಟಾರದ ಪೈಪಿಗೆ ಇಳಿಜಾರೇ ಜೀವ. ಪಾಯಖಾನೆಯ ನಾಲ್ಕು ಇಂಚಿನ ಪೈಪಿಗೂ ಬಚ್ಚಲು, ಅಡುಗೆಮನೆಯ ಮೂರು ಇಂಚಿನ ಪೈಪಿಗೂ ಹತ್ತಡಿಗೆ ಮೂರು ಇಂಚು ಇಳಿಜಾರು ಇಡಿ. ಜಾಗ ಸಾಲದಿದ್ದರೆ ನಾಲ್ಕು ಇಂಚಿನದ್ದಕ್ಕೆ ಎರಡು ಇಂಚಿನವರೆಗೆ ಇಳಿಸಬಹುದು, ಅದಕ್ಕಿಂತ ಕಡಿಮೆ ಬೇಡ.

ಲೆಕ್ಕ ಹೀಗೆ. ಸೆಪ್ಟಿಕ್ ಟ್ಯಾಂಕ್ 40 ಅಡಿ ದೂರ ಇದೆ ಎನ್ನಿ. ಹತ್ತಡಿಗೆ ಮೂರು ಇಂಚಿನಂತೆ ಪೈಪು ಒಟ್ಟು 12 ಇಂಚು ಇಳಿಯಬೇಕು. ಪೈಪು ನೆಲದಿಂದ ಒಂದಡಿ ಕೆಳಗೆ ಶುರುವಾದರೆ, ಟ್ಯಾಂಕ್ ಮುಟ್ಟುವಾಗ ಎರಡಡಿ ಕೆಳಗಿರುತ್ತದೆ. ಟ್ಯಾಂಕಿನ ಒಳಬಾಯಿ ಅದಕ್ಕಿಂತ ಮೇಲಿದ್ದರೆ ನೀರು ಹೋಗುವುದಿಲ್ಲ. ಆಗ ಪಾಯಖಾನೆಯ ನೆಲವನ್ನೇ ಎತ್ತರಿಸಬೇಕು, ಇಲ್ಲವೇ ಟ್ಯಾಂಕನ್ನು ಹತ್ತಿರ ತರಬೇಕು. ಫರ್ಸಿ ಹಾಕಿದ ಮೇಲೆ ಈ ಲೆಕ್ಕ ಹಾಕಿ ಏನು ಪ್ರಯೋಜನ? ಬಚ್ಚಲಲ್ಲಿ ನೀರು ನಿಲ್ಲುವ ಮುಕ್ಕಾಲು ಮನೆಗಳ ಕತೆ ಇಷ್ಟೇ.

"ಕಣ್ಣಳತೀಗೇ ಗೊತ್ತಾಗ್ತದ್ರಿ" ಎನ್ನುವ ಮಾತು ಕೇಳಬೇಡಿ. ದಾರ ಕಟ್ಟಿ, ಪ್ರತಿ ಐದಡಿಗೊಮ್ಮೆ ಗೆರೆಯಿಂದ ಅಳೆದು ನೋಡಿ.

ಎರೆಮಣ್ಣಿನಲ್ಲಿ ಪೈಪು ಹೂಳುವಾಗ ಮೂರು ವಿಷಯ ನೆನಪಿಡಿ. ಪೈಪಿನ ಕೆಳಗೆ ನಾಲ್ಕು ಇಂಚು, ಸುತ್ತಲೂ ಮೇಲೂ ಆರು ಇಂಚು ಉಸುಕು ಇರಲಿ, ಎರೆಮಣ್ಣು ಪೈಪಿಗೆ ತಾಗಬಾರದು. ಮನೆಯ ಹೊರಗಿನ ಜೋಡಣೆಗಳು ರಬ್ಬರ್ ರಿಂಗ್‌ನವಾಗಿರಲಿ, ಮಣ್ಣು ಅಲುಗಿದರೆ ಅವು ಸ್ವಲ್ಪ ಆಡುತ್ತವೆ, ಅಂಟು ಹಾಕಿದವು ಬಿರಿಯುತ್ತವೆ. ಪೈಪು ಗೋಡೆ ದಾಟುವಲ್ಲಿ ಒಂದು ಸೈಜು ದೊಡ್ಡ ಪೈಪಿನ ತುಂಡನ್ನು ಗೋಡೆಗೆ ಕೂರಿಸಿ, ಅದರೊಳಗೆ ಗಟಾರದ ಪೈಪು ಸಡಿಲವಾಗಿ ಹಾಯಿಸಿ. ಗೋಡೆ ಕೂತರೂ ಪೈಪು ಮುರಿಯುವುದಿಲ್ಲ.

ಪೈಪು ತಿರುಗುವ ಪ್ರತಿ ಕಡೆಯೂ ಚೇಂಬರ್ (ಮುಚ್ಚಳ ತೆಗೆದು ನೋಡುವ ಗುಂಡಿ) ಬೇಕು. ಒಂದೇ ಸಲ 90 ಡಿಗ್ರಿ ತಿರುಗಿಸದೆ, 45 ಡಿಗ್ರಿಯ ಎರಡು ಬೆಂಡ್ ಹಾಕಿ. ಬಚ್ಚಲು, ಅಡುಗೆಮನೆಗೆ ಎರಡು ಇಂಚು ನೀರು ಹಿಡಿದು ಗಟಾರದ ವಾಸನೆ ತಡೆಯುವ ಟ್ರ್ಯಾಪ್ ಬೇಕು. ಟ್ಯಾಂಕಿಗೆ ಗಾಳಿ ಪೈಪು ಮರೆಯಬೇಡಿ, ಅದು ಮನೆಯ ಮಾಳಿಗೆಗಿಂತ ಎತ್ತರಕ್ಕೆ ಹೋಗಲಿ.

### ಇಂಗುಗುಂಡಿಯ ವಿಷಯ

ಕೆರೆ ದಂಡೆಯಲ್ಲಿ ಇದು ಬರೀ ನಿಮ್ಮ ಮನೆಯ ಪ್ರಶ್ನೆ ಅಲ್ಲ. ನೀವು ಬಿಟ್ಟ ನೀರು ಊರಿನ ಬಾವಿಗೂ ಕೆರೆಗೂ ಸೇರುತ್ತದೆ. ಇಂಗುಗುಂಡಿ ಕುಡಿಯುವ ನೀರಿನ ಬಾವಿ-ಬೋರ್‌ನಿಂದ ಕನಿಷ್ಠ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಬೇಕು. ಮಳೆಗಾಲದಲ್ಲಿ ಆರಡಿಯೊಳಗೇ ನೀರು ಸಿಗುವ ಜಾಗದಲ್ಲಿ ಇಂಗುಗುಂಡಿ ತೋಡುವುದೇ ತಪ್ಪು. ಎರೆಮಣ್ಣಿನಲ್ಲಂತೂ ಅದು ಸೆಪ್ಟೆಂಬರ್‌ಗೆ ತುಂಬಿ, ಬಚ್ಚಲಿಗೆ ವಾಪಸ್ ಬರುತ್ತದೆ. ಅಂಥ ಕಡೆ ಪಾಯಖಾನೆಗೆ ಸೋರದ ಟ್ಯಾಂಕ್ ಕಟ್ಟಿಸಿ, ಕಾಲಕಾಲಕ್ಕೆ ಸಕ್ಕಿಂಗ್ ಯಂತ್ರ ಕರೆಸಿ. ಬಚ್ಚಲು, ಅಡುಗೆಮನೆಯ ನೀರನ್ನು ಪ್ರತ್ಯೇಕ ಪೈಪಿನಲ್ಲಿ ಬಾಳೆ, ತೆಂಗಿಗೆ ಬಿಡಿ.

ಸೆಪ್ಟಿಕ್ ಟ್ಯಾಂಕಿನೊಳಗೆ ಮನುಷ್ಯರನ್ನು ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಪ್ರಕಾರ, ಸುರಕ್ಷತಾ ವ್ಯವಸ್ಥೆ ಇಲ್ಲದೆ ಇಳಿಸಿ ಸ್ವಚ್ಛ ಮಾಡಿಸುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಒಂದು ಜೀವದ ಪ್ರಶ್ನೆ.

## ಹಂತ 5: ಮಣ್ಣು ಮುಚ್ಚುವ ಮೊದಲು ಗಟಾರದ ಪರೀಕ್ಷೆ

ಕೊನೆಯ ಚೇಂಬರ್‌ನಲ್ಲಿ ಪೈಪಿನ ಬಾಯಿಗೆ ಬಿಗಿಯಾದ ಬಿರಡೆ ಹಾಕಿ, ಮೇಲಿನಿಂದ ನೀರು ತುಂಬಿ. ಟ್ರ್ಯಾಪಿನ ಹತ್ತಿರ ನೀರಿನ ಮಟ್ಟಕ್ಕೆ ಗುರುತು ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಇಳಿದಿದ್ದರೆ ಜೋಡಣೆಗಳ ಕೆಳಗಿನ ಉಸುಕು ಮುಟ್ಟಿ ನೋಡಿ, ಒದ್ದೆ ಇರುವಲ್ಲಿ ಸೋರಿಕೆ. ಆಮೇಲೆ ಬಿರಡೆ ತೆಗೆದು ಒಂದು ಬಕೆಟ್ ನೀರು ಒಮ್ಮೆಗೇ ಸುರಿಯಿರಿ. ನೀರು ಗುಳುಗುಳು ಎಂದು ತಡೆದು ಹೋದರೆ ಎಲ್ಲೋ ಪೈಪು ಬಾಗಿದೆ ಅಥವಾ ಗಾಳಿಗೆ ದಾರಿ ಇಲ್ಲ.

ಮುಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಪೈಪಿನ ಪಕ್ಕ ಟೇಪ್ ಹಿಡಿದು, ಗೋಡೆಯಿಂದ ಎಷ್ಟು ದೂರ ಎಂದು ಕಾಣುವ ಹಾಗೆ ತೆಗೆಯಿರಿ.

## ಹಂತ 6: ನಳದ ಲೈನು

ಮೊದಲು ಹಂತ 7ರಲ್ಲಿರುವ ಅರ್ಥಿಂಗ್ ಎಚ್ಚರಿಕೆ ಓದಿ, ಆಮೇಲೆ ಹಳೇ ಕಬ್ಬಿಣದ ಪೈಪಿನ ಒಂದು ತುಂಡು ಕತ್ತರಿಸಿ ನೋಡಿ. ನಮ್ಮ ಬೋರ್‌ಗಳ ಗಡಸು ನೀರಿಗೆ ಒಳಗೆ ತುಕ್ಕು, ಸುಣ್ಣ ಕಟ್ಟಿ, ಮುಕ್ಕಾಲು ಇಂಚಿನ ಪೈಪಿನಲ್ಲಿ ಪೆನ್ಸಿಲು ತೂರುವಷ್ಟೇ ಜಾಗ ಉಳಿದಿರುತ್ತದೆ. ಅಂಥದ್ದಕ್ಕೆ ಅಲ್ಲೊಂದು ಇಲ್ಲೊಂದು ತೇಪೆ ಬೇಡ, ಪೂರ್ತಿ ಬದಲಿಸಿ.

ಬಿಸಿನೀರಿಗೆ ಸಿಪಿವಿಸಿ ಎನ್ನುವ ಪ್ಲಾಸ್ಟಿಕ್ ಪೈಪು ಬೇಕು. ಬಿಳಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಎರಡಕ್ಕೂ ಅಂಟು ಬೇರೆ ಬೇರೆ. ಒಂದೇ ಡಬ್ಬಿಯಲ್ಲಿ ಎರಡನ್ನೂ ಮುಗಿಸುವ ಪ್ಲಂಬರ್‌ನನ್ನು ಅಲ್ಲೇ ತಡೆಯಿರಿ.

ಜೋಡಣೆ ಹತ್ತಿರ ನಿಂತು ನೋಡಿ. ಪೈಪು ನೇರವಾಗಿ ಕತ್ತರಿಸಿರಬೇಕು. ಅಂಚಿನ ಸಿಬಿರು ಕೆರೆದು, ಒಣ ಬಟ್ಟೆಯಲ್ಲಿ ಒರೆಸಿರಬೇಕು. ಪೈಪಿಗೂ ಫಿಟಿಂಗ್‌ಗೂ ಅಂಟು ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳಕ್ಕೆ ಮುಟ್ಟುವವರೆಗೆ ತಳ್ಳಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತ ಜೋಡಣೆಯ ಬಾಯಲ್ಲಿ ಸುತ್ತಲೂ ಅಂಟಿನ ಸಣ್ಣ ಉಂಗುರ ಎದ್ದು ಕಾಣುತ್ತದೆ. ಉಂಗುರ ಎಲ್ಲಾದರೂ ತುಂಡಾಗಿದ್ದರೆ ಆ ಜೋಡಣೆ ಕತ್ತರಿಸಿ ಹೊಸದು ಹಾಕಿಸಿ. ಮೇಲಿನಿಂದ ಅಂಟು ಬಳಿದು ಪ್ರಯೋಜನವಿಲ್ಲ.

ಕಲ್ಲು-ಮಣ್ಣಿನ ಗೋಡೆಯನ್ನು ಕೊರೆದು ಪೈಪು ಹುದುಗಿಸಬೇಡಿ. ಕೊರೆದ ಸಾಲಿನಲ್ಲಿ ಕಲ್ಲು ಸಡಿಲವಾಗುತ್ತವೆ, ಮುಂದೆ ಸೋರಿದರೆ ಮಣ್ಣೇ ಕರಗುತ್ತದೆ. ಗೋಡೆಯ ಮೇಲೆ ಕ್ಲ್ಯಾಂಪ್ ಹಾಕಿ ತೆರೆದೇ ಒಯ್ಯಿರಿ. ಅಂದ ಸ್ವಲ್ಪ ಕಡಿಮೆ, ನಿಜ. ಆದರೆ ಸೋರಿದ ದಿನವೇ ಕಣ್ಣಿಗೆ ಬೀಳುತ್ತದೆ. ಹೊರಗೆ ಬಿಸಿಲಿಗೆ ಬೀಳುವ ಪೈಪಿಗೆ ನೀರು ಬೆರೆಸುವ ಬಿಳಿ ಬಣ್ಣ ಬಳಿಯಿರಿ, ಎಣ್ಣೆ ಬಣ್ಣ ಬೇಡ. ಅಡುಗೆಮನೆ, ಬಚ್ಚಲು, ಪಾಯಖಾನೆ ಮೂರಕ್ಕೂ ಪ್ರತ್ಯೇಕ ವಾಲ್ವ್ ಇರಲಿ.

## ಹಂತ 7: ಒತ್ತಡದ ಪರೀಕ್ಷೆ, ಮತ್ತು ಅರ್ಥಿಂಗ್

ಕೊನೆಯ ಜೋಡಣೆಯಾಗಿ 24 ಗಂಟೆ ಕಳೆಯಲಿ. ನಳಗಳ ಜಾಗಕ್ಕೆ ಬಿರಡೆ ಹಾಕಿ, ಲೈನಿನ ಗಾಳಿಯೆಲ್ಲ ಹೋಗುವಂತೆ ನೀರು ತುಂಬಿ, ಕೈಪಂಪಿನಿಂದ ಚದರ ಸೆಂಟಿಮೀಟರ್‌ಗೆ 6 ಕಿಲೊ ಒತ್ತಡಕ್ಕೆ ತನ್ನಿ. ಎರಡು ಗಂಟೆ ಮುಳ್ಳು ಕದಲಬಾರದು. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವ ಒತ್ತಡ ಒಂದು ಕಿಲೊ ಮಾತ್ರ. ಇಷ್ಟು ಯಾಕೆ ಎಂದು ಕೇಳುವವರಿಗೆ ಉತ್ತರ: ಮುಂದೆ ಹತ್ತು ವರ್ಷಕ್ಕೆ ಬಿಡುವ ಜೋಡಣೆ ಇವತ್ತೇ ಬಿಡಲಿ. ಗಾಳಿ ತುಂಬಿ ಪರೀಕ್ಷೆ ಮಾಡಬೇಡಿ, ಪ್ಲಾಸ್ಟಿಕ್ ಪೈಪು ಸಿಡಿದು ಗಾಯವಾಗುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಅಪಾಯ ಒಂದಿದೆ. ಹಳೇ ಮನೆಗಳಲ್ಲಿ ಕರೆಂಟಿನ ಅರ್ಥಿಂಗ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೇ ಕಟ್ಟಿರುತ್ತಾರೆ. ಆ ಪೈಪು ತೆಗೆದು ಪ್ಲಾಸ್ಟಿಕ್ ಹಾಕಿದ ದಿನ ಮನೆಗೆ ಅರ್ಥಿಂಗೇ ಇರುವುದಿಲ್ಲ. ಆಮೇಲೆ ಗೀಸರ್ ಶಾಕ್ ಹೊಡೆಯುತ್ತದೆ. ಪೈಪು ಬಿಚ್ಚುವ ಮೊದಲು ಲೈಸೆನ್ಸ್ ಇರುವ ವೈರ್‌ಮನ್‌ನಿಂದ ನೋಡಿಸಿ, ಹೊಸ ಅರ್ಥಿಂಗ್ ಗುಂಡಿ ಮಾಡಿಸಿ. ಬಚ್ಚಲ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಹಾಕಿಸಿ. ಇದರಲ್ಲಿ ಉಳಿತಾಯ ಬೇಡವೇ ಬೇಡ.

## ಹಂತ 8: ನೆಲದ ಪದರಗಳು

ಈಗ ನೆಲಕ್ಕೆ ಬರೋಣ. ಕೆಳಗಿನಿಂದ ಮೇಲಕ್ಕೆ: ಗರಸು ಒಂದಡಿ, ಕಲ್ಲಿನ ಸೋಲಿಂಗ್ ಆರು ಇಂಚು, ಪ್ಲಾಸ್ಟಿಕ್ ಹಾಳೆ, ಕಾಂಕ್ರೀಟ್ ನಾಲ್ಕು ಇಂಚು, ಮಾಲು ಒಂದೂವರೆ ಇಂಚು, ಫರ್ಸಿ ಒಂದಿಂಚು. ಎಲ್ಲ ಕೂಡಿ ಎರಡಡಿಯ ಮೇಲೆ ಅರ್ಧ ಇಂಚು.

ಗರಸನ್ನು ಆರಾರು ಇಂಚಿನ ಪದರವಾಗಿ ಹಾಕಿ, ಹದವಾಗಿ ನೀರು ಚಿಮುಕಿಸಿ, ದಮ್ಮಸು ಮಾಡಿ. ಒಂದಡಿ ಒಮ್ಮೆಗೇ ಸುರಿದರೆ ಮೇಲಿನ ಮೂರು ಇಂಚು ಮಾತ್ರ ಗಟ್ಟಿಯಾಗುತ್ತದೆ. ಹಾರೆಯನ್ನು ಕೈಯಿಂದ ಒತ್ತಿದರೆ ಅರ್ಧ ಇಂಚಿಗಿಂತ ಜಾಸ್ತಿ ಇಳಿಯಬಾರದು. ಪೈಪಿನ ಮೇಲೆ ಮಾತ್ರ ಜೋರಾಗಿ ಹೊಡೆಯಬೇಡಿ.

ಸೋಲಿಂಗ್ ಕಲ್ಲಿನ ಸಂದಿಗೆ ಉಸುಕು ತುಂಬಿ ಮೇಲ್ಮೈ ನಯ ಮಾಡಿ, ಇಲ್ಲವಾದರೆ ಕಲ್ಲಿನ ಚೂಪಿಗೆ ಹಾಳೆ ಹರಿಯುತ್ತದೆ. ಹಾಳೆ 250 ಮೈಕ್ರಾನ್ ದಪ್ಪದ್ದು ಇರಲಿ. ಒಂದರ ಮೇಲೊಂದು ಒಂದಡಿ ಬರಲಿ. ಗೋಡೆ ಪಕ್ಕ ನೆಲದ ಎತ್ತರದವರೆಗೆ ಮಡಚಿ ನಿಲ್ಲಿಸಿ.

ಕಾಂಕ್ರೀಟ್ 1:3:6ರ ಪ್ರಮಾಣದ್ದು (ಸಿಮೆಂಟ್ 1, ಉಸುಕು 3, ಖಡಿ 6) ಸಾಕು. ಕಲಸಲು ಸವಳು ನೀರು ಬೇಡ, ಸಿಹಿ ನೀರು ತರಿಸಿ. ಸವಳು ನೀರಿನ ಉಪ್ಪೇ ಆಮೇಲೆ ಫರ್ಸಿಯ ಸಂದಿಯಲ್ಲಿ ಬೆಳ್ಳಗೆ ಏಳುವುದು. ಉಸುಕನ್ನು ಕೈಯಲ್ಲಿ ಉಜ್ಜಿ ನೋಡಿ, ಮಣ್ಣು ಮೆತ್ತಿದರೆ ವಾಪಸ್ ಕಳಿಸಿ. ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎಂಟರೊಳಗೆ ಹಾಕಿ ಮುಗಿಸಿ, ಗಟ್ಟಿಯಾದ ತಕ್ಷಣ ಒದ್ದೆ ಗೋಣಿತಾಟು ಹೊದಿಸಿ, ಏಳು ದಿನ ಒಣಗದಂತೆ ನೋಡಿಕೊಳ್ಳಿ. ಕೂದಲೆಳೆಯಂಥ ಬಿರುಕು ಬಲೆಯ ಹಾಗೆ ಕಂಡರೆ ನೀರು ಸಾಲಲಿಲ್ಲ ಎಂದರ್ಥ.

ಬೆಳಗಾವಿಯ ಪಶ್ಚಿಮಕ್ಕೆ, ಖಾನಾಪುರದ ಕಡೆಯ ಕೆಂಪು ಮಣ್ಣಿನವರಿಗೆ ಎರಡಡಿ ಅಗೆಯುವ ಕಷ್ಟ ಇಲ್ಲ. ಅಲ್ಲಿ ಮಳೆ ಜಾಸ್ತಿ, ಹಾಗಾಗಿ ಎರಡನೇ ಹಂತಕ್ಕೆ ದುಡ್ಡು ಜಾಸ್ತಿ ಇಡಿ.

## ಹಂತ 9: ಬಚ್ಚಲು

ಮಣ್ಣಿನ ಗೋಡೆಗೆ ನೇರವಾಗಿ ಟೈಲ್ಸ್ ಹಚ್ಚಬೇಡಿ. ಒಳಗೆ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸಿ, ಪೈಪು, ನಳ, ಟೈಲ್ಸ್ ಎಲ್ಲ ಅದಕ್ಕೆ. ಬಚ್ಚಲಿನ ನೆಲ ಉಳಿದ ನೆಲಕ್ಕಿಂತ ಒಂದಿಂಚು ಕೆಳಗಿರಲಿ. ಟ್ರ್ಯಾಪಿನ ಕಡೆ ನಾಲ್ಕಡಿಗೆ ಒಂದಿಂಚು ಇಳಿಜಾರು ಕೊಡಿ. ಮೂಲೆಗಳನ್ನು ಮಾಲಿನಿಂದ ದುಂಡಗೆ ಮಾಡಿ, ವಾಟರ್‌ಪ್ರೂಫ್ ಲೇಪನವನ್ನು ಗೋಡೆಯ ಮೇಲೆ ಒಂದಡಿ ತನಕ ಎರಡು ಸಲ ಬಳಿಯಿರಿ. ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಡಿ. ಪಕ್ಕದ ಕೋಣೆಯ ಗೋಡೆ ಬುಡ ಮುಟ್ಟಿ ನೋಡಿ. ಇದರಲ್ಲಿ ಪಾಸಾಗದೆ ಮುಂದೆ ಹೋಗಬಾರದು.

## ಹಂತ 10: ಫರ್ಸಿ

ಇಂಥ ಜಾಗಕ್ಕೆ ದೊಡ್ಡ ದೊಡ್ಡ ವಿಟ್ರಿಫೈಡ್ ಟೈಲ್ಸ್‌ಗಿಂತ ಶಹಾಬಾದಿ, ತಾಳಿಕೋಟಿ ಫರ್ಸಿಯೇ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ನೆಲ ಅಲುಗಿದರೆ ಒಂದು ಕಲ್ಲು ಎಬ್ಬಿಸಿ ಮತ್ತೆ ಕೂರಿಸಬಹುದು. ಗುಳೇದಗುಡ್ಡದ ಕಲ್ಲು ಅಂಗಳಕ್ಕೆ ಚೆಂದ. ಅದು ಉಸುಕುಗಲ್ಲು, ನೀರು ಹೀರುತ್ತದೆ, ಬಚ್ಚಲಿಗೆ ಬೇಡ. ಇಳಕಲ್ ಗ್ರಾನೈಟ್ ಅಡುಗೆಕಟ್ಟೆಗೆ ಇಡಿ.

ಫರ್ಸಿ ಆರಿಸುವಾಗ ಸುತ್ತಿಗೆಯಿಂದ ತಟ್ಟಿ. ಠಣ್ ಎನ್ನಬೇಕು. ಮಂದ ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಹಾಕುವ ಮೊದಲು ಕಲ್ಲನ್ನು ನೀರಲ್ಲಿ ನೆನೆಸಿ, ಹಿಂಬದಿಗೆ ಸಿಮೆಂಟ್ ಹಾಲು ಬಳಿದು, ಪೂರ್ತಿ ಹಾಸಿದ ಮಾಲಿನ ಮೇಲೆ ಕೂರಿಸಿ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಮಾಲು ಇಟ್ಟು ಕಲ್ಲು ಕೂರಿಸುವುದನ್ನು ಕಂಡರೆ ಕೂಡಲೇ ನಿಲ್ಲಿಸಿ. ಟೊಳ್ಳು ಸದ್ದು ಬರುವುದು ಅದರಿಂದಲೇ. ಗೋಡೆ ಮತ್ತು ಫರ್ಸಿಯ ನಡುವೆ ಅರ್ಧ ಇಂಚು ಸಂದಿ ಬಿಟ್ಟು ಸುಣ್ಣದ ಮಾಲು ತುಂಬಿ. ಒಳಗೋಡೆಯ ಕೆಳಗಿನ ಮೂರಡಿಗೂ ಸುಣ್ಣದ ಗಿಲಾವೇ ಇರಲಿ.

ಶಹಾಬಾದಿ ಸುಣ್ಣದ ಕಲ್ಲು. ಕಲೆ ತೆಗೆಯಲು ಆಸಿಡ್ ಹಾಕಿದರೆ ಕಲ್ಲೇ ಕರಗುತ್ತದೆ. ನಂಬಿಕೆ ಬರದಿದ್ದರೆ ಮಿಕ್ಕ ತುಂಡಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಹೊಳಪು ಹೋಗುತ್ತದೆ. ಬಿದ್ದ ಸಿಮೆಂಟನ್ನು ಹಸಿ ಇರುವಾಗಲೇ ಒರೆಸಿ.

## ಹಂತ 11: ಮೊದಲ ಮಳೆಗಾಲ, ಬೀಗ ಹಾಕಿದ ಮನೆ

ಗೋಡೆಗೆ ಬಣ್ಣ ಬಳಿಯಲು ಅವಸರ ಬೇಡ. ಒಂದು ಮಳೆಗಾಲ ಕಳೆಯಲಿ. ಸೆಪ್ಟೆಂಬರ್‌ನಲ್ಲಿ ಹೋಗಿ ಹೋದ ವರ್ಷದ ಪೆನ್ಸಿಲ್ ಗೆರೆಯ ಜೊತೆ ತೇವ ಹೋಲಿಸಿ. ಗೆರೆಗಿಂತ ಕೆಳಗಿದ್ದರೆ ಕೆಲಸ ಸರಿಯಾಗಿದೆ. ಮೇಲೆ ಹೋಗಿದ್ದರೆ ಹೊರಗಿನ ಖಡಿ ಕಾಲುವೆಯ ಬಾಯಿ ಕಟ್ಟಿದೆಯೇ ನೋಡಿ. ಚೇಂಬರ್‌ಗಳ ಮುಚ್ಚಳ ತೆಗೆದು, ನೀರು ನಿಂತಿದೆಯೇ ನೋಡಿ. ಫರ್ಸಿಯನ್ನು ಕೋಲಿನಿಂದ ತಟ್ಟುತ್ತ ಒಂದು ಸುತ್ತು ಹಾಕಿ.

ಯುಗಾದಿಗೋ ಜಾತ್ರೆಗೋ ಮಾತ್ರ ಹೋಗುವ ಮನೆಯಾದರೆ, ಹೊರಡುವಾಗ ಮುಖ್ಯ ವಾಲ್ವ್ ಬಂದ್ ಮಾಡಿ ನಳಗಳನ್ನು ಖಾಲಿ ಮಾಡಿ. ಟ್ರ್ಯಾಪಿನ ನೀರು ಒಂದೆರಡು ತಿಂಗಳಲ್ಲಿ ಒಣಗುತ್ತದೆ, ಆಗ ಗಟಾರದ ವಾಸನೆ, ಜಿರಳೆ ನೇರವಾಗಿ ಮನೆಯೊಳಗೆ. ಪ್ರತಿ ಟ್ರ್ಯಾಪಿಗೂ ಒಂದು ತಂಬಿಗೆ ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರ ಇದ್ದರೆ ನೀರು ಬೇಗ ಆರುವುದಿಲ್ಲ. ಗೀಸರ್ ಸ್ವಿಚ್ ಬಂದ್ ಮಾಡಿ. ಪೈಪಿನ ಫೋಟೊ ಮತ್ತು ಫರ್ಸಿಯ ನಕ್ಷೆಯ ಒಂದೊಂದು ಪ್ರತಿ ತೆಗೆಸಿ ಬಾಗಿಲ ಹಿಂದೆ ಅಂಟಿಸಿಡಿ, ಮುಂದೆ ಬರುವ ಪ್ಲಂಬರ್ ಎಲ್ಲೆಂದರಲ್ಲಿ ಅಗೆಯುವುದು ತಪ್ಪುತ್ತದೆ.